ಒಕ್ಕಲಿಗೆ ಬಂದ ಹಸು

“ಗೋಮಾತೆಯ ಹೊಟ್ಟೆಗೆ ಕತ್ತಿ ಹಾಕ್ತೀರಾ ಡಾಕ್ಟ್ರೆ? ನೀವು ಹಿಂದೂ ಹೆಂಗಸಲ್ವಾ?”

ತಾರಾನಾಥ ಈ ಪ್ರಶ್ನೆ ಕೇಳುವ ಹೊತ್ತಿಗೆ ಅರುಂಧತಿಯ ಬಲಗೈ ಮೊಣಕೈವರೆಗೂ ಸತ್ತ ಹಸುವಿನ ಹೊಟ್ಟೆಯೊಳಗಿತ್ತು. ಅವಳು ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಬಾಯಿ ತಪ್ಪಿ ಏನಾದರೂ ಅಂದುಬಿಡುತ್ತೇನೆಂಬುದು ಅವಳಿಗೆ ಗೊತ್ತಿತ್ತು.

ದೋಹಾ ಬಳಿಯ ಮುಐದರಿನಲ್ಲಿ ತಾರಾನಾಥ ಬಾಡಿಗೆಗೆ ಹಿಡಿದ ಹೊಸ ವಿಲ್ಲಾದ ಗೃಹಪ್ರವೇಶಕ್ಕೆ, ಊರಿನ ಮಾತಿನಲ್ಲಿ ಒಕ್ಕಲಿಗೆ, ಶುಕ್ರವಾರ ಕರೆತಂದ ಹಸು, ಶನಿವಾರ ಬೆಳಗಾಗುವುದರೊಳಗೆ ತನ್ನ ತೋಟಕ್ಕೆ ಮರಳಿ ಸತ್ತುಬಿದ್ದಿತ್ತು. ಅದನ್ನು ಪಿಕಪ್‌ನಲ್ಲಿ ಒಯ್ದು ತಂದ ಡ್ರೈವರ್ ಹಸನಬ್ಬನ ಸೀಟಿನಡಿ ಇಲಿ ಪಾಷಾಣದ ಡಬ್ಬಿ ಸಿಕ್ಕಿತ್ತು. ಹಸನಬ್ಬ ಈಗ ಠಾಣೆಯಲ್ಲಿದ್ದ.

ತೋಟದ ಯಜಮಾನನಾದ ಅರಬ್ ಮುದುಕನಿಗೆ ಅರುಂಧತಿಯ ಮೇಲೆ ನಂಬಿಕೆಯಿತ್ತು. ದೋಹಾದ ಗಿಡುಗಗಳ ಆಸ್ಪತ್ರೆಯಲ್ಲಿ ಅವನ ಬೇಟೆಯ ಹಕ್ಕಿಯ ಮುರಿದ ರೆಕ್ಕೆಗೆ ಚಿಕಿತ್ಸೆ ಕೊಟ್ಟವಳು ಅವಳೇ. ಆ ಸಲಿಗೆಯಲ್ಲಿ ಅವನು ಒಂದು ಮಾತು ಕೊಟ್ಟಿದ್ದ. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಗುವವರೆಗೆ ಕಾಯುತ್ತೇನೆ. ಅಷ್ಟರೊಳಗೆ ನೀನು ಬೇರೆ ಕಾರಣ ತೋರಿಸಿದರೆ ಸರಿ. ಇಲ್ಲದಿದ್ದರೆ ದೂರಿಗೆ ಸಹಿ ಹಾಕುತ್ತೇನೆ, ಆಮೇಲೆ ಆ ಡ್ರೈವರಿಗೂ ಅವನ ದೇವರಿಗೂ ಬಿಟ್ಟದ್ದು.

ಸೂರ್ಯ ಆಗಲೇ ಖರ್ಜೂರದ ಮರಗಳ ನೆತ್ತಿಯಿಂದ ಕೆಳಗಿಳಿದಿದ್ದ. ಮಧ್ಯಾಹ್ನದ ಮೊದಲೇ ತೋಟಕ್ಕೆ ಬಂದ ತಾರಾನಾಥ ಅವಳ ಬೆನ್ನು ಬಿಟ್ಟಿರಲಿಲ್ಲ.

“ನಿಮ್ಮನ್ನೇ ಕೇಳಿದ್ದು ಡಾಕ್ಟ್ರೆ.”

“ಕೇಳಿಸ್ತು.” ಅರುಂಧತಿ ಕೈ ಹೊರಗೆ ತೆಗೆದಳು. “ನೀವೇನು ತಂದಿದ್ದೀರಿ, ಕೈಯಲ್ಲಿ?”

ತಾರಾನಾಥನ ಕೈಯಲ್ಲಿ ಕರ್ಪೂರ, ಅರಿಶಿನ, ಜರಿಯಂಚಿನ ಹೊಸ ರೇಷ್ಮೆ ವಸ್ತ್ರವಿತ್ತು. ಮಣ್ಣು ಮಾಡುವ ಮೊದಲು ಹಸುವಿಗೆ ಹೊದಿಸಬೇಕೆಂದು ತಂದದ್ದು. ಸತ್ತ ಹಸುವಿಗೆ ರೇಷ್ಮೆ, ಬದುಕಿರುವ ಹಸನಬ್ಬನಿಗೆ ಲಾಕಪ್ಪಿನ ಸಿಮೆಂಟು ನೆಲ. ಅರುಂಧತಿಗೆ ಮೈಯೆಲ್ಲ ಉರಿಯಿತು.

ಹದವಾದ ಮೈಯ, ಕೆಂಪು ಬಣ್ಣದ, ಎತ್ತರದ ದುಬ್ಬದ ಹಸು ಅದು. ಇಲ್ಲಿ ಇಂಥ ಹಸು ಅಪರೂಪ. ಯಜಮಾನನ ಹಣ್ಣುಹಣ್ಣು ಮುದುಕಿ ತಾಯಿ ಬೆಳಗ್ಗೆ ಕುಡಿಯುತ್ತಿದ್ದುದು ಇದರ ಹಾಲನ್ನೇ. ಅದರ ಕರು ಬೇಲಿಯಾಚೆ ನಿಂತು ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿತ್ತು. ಅದನ್ನು ಸುಮ್ಮನಿರಿಸಲು ತೋಟದ ಆಳು ಮಹಮೂದ್, ಸುಡಾನಿನವನು, ಬಾಟಲಿಯಲ್ಲಿ ಹಾಲು ಹಿಡಿದು ಒದ್ದಾಡುತ್ತಿದ್ದ.

“ಮಹಮೂದ್, ಬಾ ಇಲ್ಲಿ,” ಅರುಂಧತಿ ತನಗೆ ಬರುವ ಅರಬ್ಬಿಯಲ್ಲಿ ಕರೆದಳು. “ಈ ಹಸುವಿಗೆ ದಿನಾ ಏನು ಹಾಕ್ತೀಯ?”

“ಹುಲ್ಲು, ಒಣಗಿದ ಕುದುರೆಮಸಾಲೆ ಸೊಪ್ಪು. ಬೇರೆ ಮಾಫಿ, ಏನೂ ಇಲ್ಲ.”

“ಅನ್ನ?”

ಮಹಮೂದ್ ನಕ್ಕ. ಹಸುವಿಗೆ ಯಾರಾದರೂ ಅನ್ನ ಹಾಕುತ್ತಾರೆಯೇ ಎಂಬ ನಗು ಅದು.

ಅರುಂಧತಿ ಹಸುವಿನ ಮೊದಲ ಹೊಟ್ಟೆಯಿಂದ ಎರಡು ಬೊಗಸೆ ತುಂಬ ತೆಗೆದು ಸ್ಟೀಲಿನ ತಟ್ಟೆಗೆ ಸುರಿದಳು. ಹುಲ್ಲು ಇರಬೇಕಾದ ಜಾಗದಲ್ಲಿ ಬಿಳಿಚಿಕೊಂಡ ಗಂಜಿ. ನಾಲ್ಕು ದಿನ ಮರೆತಿಟ್ಟ ದೋಸೆ ಹಿಟ್ಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಗಂಜಿಯಲ್ಲಿ ಅಗಿಯದೆ ನುಂಗಿದ ಅನ್ನದ ಅಗುಳುಗಳು, ಬಾಳೆಹಣ್ಣಿನ ಸಿಪ್ಪೆ, ಕರಗಿ ಉಳಿದ ಬೆಲ್ಲದ ಚೂರು. ಮೇಲೊಂದು ಇಡೀ ಗೋಡಂಬಿ, ತುಪ್ಪದಲ್ಲಿ ಹುರಿದದ್ದು.

ಅವಳು ತಟ್ಟೆಯನ್ನು ತಾರಾನಾಥನ ಮುಂದೆ ಹಿಡಿದಳು.

“ಇಲಿ ಪಾಷಾಣ ಹೊಟ್ಟೆಗೆ ಹೋಗಿದ್ರೆ ಕೊಳೆತ ಬೆಳ್ಳುಳ್ಳಿ ವಾಸನೆ ಬರ್ಬೇಕು. ಮೂಸಿ ನೋಡಿ.”

“ಛೆ, ಛೆ.” ತಾರಾನಾಥ ಹಿಂದೆ ಸರಿದ.

“ಮೂಸಿ ಅಂದೆ. ನಿಮ್ಮ ಮನೆ ಪಾಯಸದ ಗೋಡಂಬಿ ಇದು. ಎಷ್ಟು ಜನ ತಿನ್ನಿಸಿದ್ರಿ?”

ತಾರಾನಾಥ ರೇಷ್ಮೆ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ದೋಹಾದಲ್ಲಿ ಅವನದು ಏರ್‌ಕಂಡಿಷನರ್ ರಿಪೇರಿಯ ದೊಡ್ಡ ವ್ಯವಹಾರ. ಊರಿನವರ ಭಜನೆ, ಪೂಜೆಗೆಲ್ಲ ಮುಂದಾಳು. ಹತ್ತು ಜನರ ನಡುವೆ ಅವನಿಗೆ ಮಾತಿನ ಬರ ಎಂದೂ ಬಂದದ್ದಿಲ್ಲ.

ಉತ್ತರ ಅರುಂಧತಿಗೆ ಗೊತ್ತೇ ಇತ್ತು. ಶುಕ್ರವಾರ ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವಳು ಒಕ್ಕಲಿಗೆ ಹೋದಾಗ ಊಟದ ಹೊತ್ತು, ಹಸು ಆಗಲೇ ಹೊರಟುಹೋಗಿತ್ತು. ಆದರೆ ಪಂಕ್ತಿಯ ತುಂಬ ಅದೇ ಮಾತು. ನಾನು ಗೋಗ್ರಾಸ ಕೊಟ್ಟೆ, ನನ್ನ ಮಗಳ ಕೈಯಲ್ಲೂ ಕೊಡಿಸಿದೆ. ಅಲ್ ಗರಾಫಾದಿಂದ ಬಂದವರು ಮನೆಯಿಂದಲೇ ಡಬ್ಬಿಯಲ್ಲಿ ಅನ್ನ ಬೆಲ್ಲ ಕಲಸಿ ತಂದಿದ್ದರಂತೆ. ರಾಸ್ ಲಫಾನಿನಲ್ಲಿ ಶಿಫ್ಟಿಗೆ ಹೋದ ಗಂಡನ ಹೆಸರಿನಲ್ಲಿ ಒಬ್ಬಳು ಇನ್ನೊಂದು ಸಲ ತಿನ್ನಿಸಿದಳಂತೆ.

ಹಸುವಿನ ಮೈ ಮುಟ್ಟಿ ಎಷ್ಟೋ ವರ್ಷಗಳಾದ ಜನ. ಸಿಕ್ಕಿದ ಒಂದೇ ಹಸುವಿನ ಬಾಯಿಗೆ ಅಷ್ಟು ವರ್ಷಗಳ ಬಾಕಿ ಭಕ್ತಿಯನ್ನೆಲ್ಲ ಒಂದೇ ಬೆಳಗಿನಲ್ಲಿ ತುರುಕಿದ್ದರು. ಹಸು ಬೇಡವೆನ್ನುವುದಿಲ್ಲ. ಸಿಹಿ ಕೊಟ್ಟರೆ ತಿನ್ನುತ್ತಲೇ ಹೋಗುತ್ತದೆ.

“ಹುಲ್ಲು ಅರಗಿಸೋ ಹೊಟ್ಟೆಗೆ ಅಷ್ಟು ಅನ್ನ ಬೆಲ್ಲ ಬಿದ್ರೆ ಒಳಗೇ ಹುಳಿ ಬರುತ್ತೆ,” ಎಂದಳು. “ಆ ಹುಳಿ ರಕ್ತಕ್ಕೆ ಸೇರುತ್ತೆ. ಹಸು ಹಲ್ಲು ಕಡಿಯುತ್ತೆ, ಭೇದಿಯಾಗುತ್ತೆ, ಮಲಗಿದ್ದು ಏಳಲ್ಲ. ನಿನ್ನೆ ರಾತ್ರಿ ಹೀಗೇ ಆಯ್ತಾ ಮಹಮೂದ್?”

ಅವಳು ಅರಬ್ಬಿಯಲ್ಲಿ ಮತ್ತೆ ಕೇಳಿದಳು. ಮಹಮೂದ್ ಒಂದೊಂದಕ್ಕೂ ತಲೆಯಾಡಿಸಿದ.

“ಹಾಗಾದ್ರೆ ನಾವು ಕೊಂದದ್ದು ಅಂತ ಹೇಳ್ತೀರಾ?” ತಾರಾನಾಥನ ಧ್ವನಿ ಏರಿತು. “ಮೂವತ್ಮೂರು ಕೋಟಿ ದೇವತೆಗಳಿರುವ ಹಸುವನ್ನು? ನಾಗನಿಗೆ ಹಾಲಿನ ತನು ಎರೆದು, ಗರುಡ ಕಂಡ್ರೆ ಕೈಮುಗಿದು, ಹಂದಿಯನ್ನೂ ಪಂಜುರ್ಲಿ ದೈವ ಅಂತ ನಂಬಿ ಬೆಳೆದವರು ನಾವು.”

“ಹೌದು, ಎಲ್ಲದಕ್ಕೂ ಕೈಮುಗೀತೀರಿ. ಯಾವುದಕ್ಕೆ ಏನು ಬೇಕು ಅಂತ ಒಂದು ದಿನ ಕೇಳಿದ್ದೀರಾ? ಹಾಲು ಕುಡಿಯದ ಹಾವಿನ ಬಾಯಿಗೆ ಹಾಲು ಹುಯ್ಯೋದು. ಗುಡಿ ಆನೆಗೆ ಬೆಲ್ಲ ಬಾಳೆಹಣ್ಣು ತಿನ್ನಿಸಿ ತಿನ್ನಿಸಿ ಕಾಲು ಊದಿಸೋದು. ಹನುಮಂತ ಅಂತ ಕೋತಿಗೆ ಎಣ್ಣೆಯಲ್ಲಿ ಕರಿದ ವಡೆ. ಪುಣ್ಯ ನಿಮಗೆ, ಹೊಟ್ಟೆನೋವು ಅದಕ್ಕೆ. ನಮ್ಮಜ್ಜಿ ಓದು ಬರಹ ಬಂದವರಲ್ಲ. ಗೋಗ್ರಾಸ ಅಂದ್ರೆ ಒಂದು ಹಿಡಿ, ಮನೆಗೆಲ್ಲ ಸೇರಿ ಒಂದೇ ಹಿಡಿ ಅಂತಿದ್ರು. ಅತಿಯಾದ್ರೆ ಅಮೃತಾನೂ ವಿಷ ತಾರಾನಾಥ್ ಅವ್ರೆ. ನಿಮ್ಮ ಹಸುವಿಗೆ ಬೇರೆ ವಿಷ ಬೇಕಾಗ್ಲಿಲ್ಲ.”

ತಾರಾನಾಥ ರೇಷ್ಮೆ ವಸ್ತ್ರವನ್ನು ಮಡಚತೊಡಗಿದ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ.

“ಗೊತ್ತಿಲ್ಲದೆ ಆದದ್ದು,” ಎಂದ ಕೊನೆಗೆ.

“ಅದನ್ನ ಒಪ್ತೀನಿ. ಭಕ್ತಿಯಿಂದ ಆದ ತಪ್ಪಿಗೆ ನಿಮ್ಮನ್ನ ಯಾರೂ ನೇಣಿಗೆ ಹಾಕಲ್ಲ. ಯಜಮಾನರ ಕೈಹಿಡಿದು ಕ್ಷಮೆ ಕೇಳಿದ್ರೆ ಮುಗೀತಿತ್ತು. ಆದ್ರೆ ಬೆಳಗ್ಗೆ ಅವರಿಗೆ ಫೋನ್ ಮಾಡಿ, ಡ್ರೈವರನ್ನ ವಿಚಾರಿಸಿ ಅಂದವರು ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತಾರಾನಾಥನ ಕಣ್ಣು ತಟ್ಟನೆ ತನ್ನ ಕಾರಿನ ಕಡೆ ಹೊರಳಿತು. ಕಾರಿನ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಪೂವಕ್ಕ ಸೆರಗು ಹೊದ್ದು ಕೂತಿದ್ದಳು. ಬಂದಾಗಿನಿಂದ ಕೆಳಗಿಳಿದಿರಲಿಲ್ಲ.

“ನಾನು ಅನುಮಾನ ಅಷ್ಟೇ ಹೇಳಿದ್ದು. ಡಬ್ಬಿ ಸಿಕ್ಕಿದ್ದು ಅವನ ಗಾಡಿಯಲ್ಲಿ ಅಲ್ವಾ?”

“ಅನುಮಾನ ಬರೋಕೆ ಕಾರಣ?”

“ಅವ ಬ್ಯಾರಿ ಅಲ್ವಾ ಮಾರಾಯ್ರೆ. ಹಸುವಿನ ಮೇಲೆ ಅವನಿಗೆ ಎಂತ ಪ್ರೀತಿ?”

ಅಂತೂ ಹೊಟ್ಟೆಯೊಳಗಿದ್ದದ್ದು ಹೊರಗೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಆ ಎಮ್ಮೆ ಯಾವುದೆಂದು ಇಲ್ಲಿ ಮೊದಲೇ ಆರಿಸಿಟ್ಟಿದ್ದರು.

ಇಡೀ ದೋಹಾ ಸುತ್ತಿ ದುಬ್ಬದ ಹಸುವೇ ಬೇಕೆಂದು ಹುಡುಕಿದವನು ಈ ಹಸನಬ್ಬ. ಹಾದಿಯಲ್ಲಿ ಕಾಲು ಜಾರಬಾರದೆಂದು ಪಿಕಪ್‌ನಲ್ಲಿ ಮರಳು ಹಾಸಿದವನು. ಪೂವಕ್ಕನ ಅಡುಗೆಮನೆ ಬಾಗಿಲಲ್ಲಿ ಕೂತು ವರ್ಷಗಟ್ಟಲೆ ಗಂಜಿ ಉಂಡವನು. ಅವನ ಸುದ್ದಿ ಬೆಳಗ್ಗೆಯೇ ಫೋನ್ ಹತ್ತಿ ಊರಿಗೆ ಹೋಗಿತ್ತು. ಕತಾರಿನಲ್ಲಿ ಒಕ್ಕಲಿನ ಹಸುವಿಗೆ ಬ್ಯಾರಿಯೊಬ್ಬ ವಿಷ ಹಾಕಿದನಂತೆ. ಕಡಲ ತೀರದ ಆ ಊರಿನಲ್ಲಿ ಹಸನಬ್ಬನ ಮುದಿ ತಾಯಿ ಆಯಿಷಮ್ಮನ ಮನೆಯ ಮುಂದೆ ಆಗಲೇ ಜನ ಸೇರುತ್ತಿದ್ದರೆಂದು ಯಾರೋ ಹೇಳಿದ್ದರು. ಇಲ್ಲಿ ಅವನಿಗೆ ಜೈಲು, ಅಲ್ಲಿ ಅವಳಿಗೆ ಏನಾಗುತ್ತದೋ ಯಾರಿಗೆ ಗೊತ್ತು.

ಅರುಂಧತಿ ಬಕೆಟಿನ ನೀರಿನಲ್ಲಿ ಕೈ ತೊಳೆದುಕೊಂಡು ನೇರ ಕಾರಿನ ಬಳಿಗೆ ನಡೆದಳು. ತಾರಾನಾಥ ಹಿಂದೆಯೇ ಓಡಿಬಂದ.

“ಅವಳ ಹತ್ರ ಎಂತ ಕೇಳ್ಲಿಕ್ಕುಂಟು? ಅವಳಿಗೆ ಹುಷಾರಿಲ್ಲ.”

“ಪೂವಕ್ಕ, ಕೆಳಗಿಳೀರಿ.”

ಪೂವಕ್ಕ ಇಳಿದಳು. ಅತ್ತು ಅತ್ತು ಅವಳ ಮುಖ ಬಾತಿತ್ತು.

“ಬೆಳಗ್ಗೆ ಠಾಣೆಗೆ ಹೋಗಿದ್ದೆ,” ಎಂದಳು ಅರುಂಧತಿ. “ಆ ಡಬ್ಬಿ ಮೇಜಿನ ಮೇಲಿತ್ತು. ಅದರ ಮೇಲೆ ಬೆರಳು ಎಳೆದ ಹಾಗೆ ಕೆಂಪು ಕಲೆ. ತುಕ್ಕು ಅಂದ್ರು ಆಫೀಸರ್. ನನಗೆ ಸುಲೈಮಾನಿ ಚಹಾ ತರಿಸಿದ್ರು. ಅದರಲ್ಲಿದ್ದ ನಿಂಬೆ ಹೋಳನ್ನ ಅವರೆದುರೇ ಆ ಕಲೆ ಮೇಲೆ ಹಿಂಡಿದೆ. ಕೆಂಪು ಹೋಗಿ ಹಳದಿ ಆಯ್ತು. ತುಕ್ಕು ಹಳದಿ ಆಗಲ್ಲ ಪೂವಕ್ಕ. ರಕ್ತಾನೂ ಆಗಲ್ಲ.”

ಪೂವಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಹುಳಿ ಬಿದ್ದರೆ ಮತ್ತೆ ಹಳದಿ. ಮದುವೆ ಮುಂಜಿಗೆ ಆರತಿ ತಟ್ಟೆ ಹಿಡಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

“ಆರತಿಯ ಓಕುಳಿ ನೀರು ಅದು. ಹಸು ಗೇಟಿಗೆ ಬಂದಾಗ ಓಕುಳಿ ಕಲಸಿ ಆರತಿ ಎತ್ತಿದವರು ಯಾರು?”

“ಸುಮ್ಮನಿರು,” ತಾರಾನಾಥ ಹೆಂಡತಿಗೆ ಹೇಳಿದ.

“ಹಸನಬ್ಬ ಪೊಲೀಸರಿಗೆ ಇಷ್ಟೇ ಹೇಳಿದ್ದಾನೆ. ಎಸೆಯೋಕೆ ಇಟ್ಕೊಂಡಿದ್ದೆ, ಮರೆತೆ ಅಂತ. ಯಾರು ಕೊಟ್ರು ಅಂದ್ರೆ ಬಾಯಿ ಬಿಡ್ತಿಲ್ಲ. ಬೆಳಗ್ಗೆಯಿಂದ ಅವನು ಯಾರನ್ನ ಕಾಪಾಡ್ತಿದ್ದಾನೆ ಪೂವಕ್ಕ?”

ಪೂವಕ್ಕ ಗಂಡನ ಕಡೆ ನೋಡಲಿಲ್ಲ. ಬೇಲಿಯಾಚೆ ಕೂಗುತ್ತಿದ್ದ ಕರುವಿನ ಕಡೆ ನೋಡಿದಳು.

“ನಾನೇ ಕೊಟ್ಟದ್ದು,” ಎಂದಳು. “ಆರತಿ ಎತ್ತಿ ಓಕುಳಿ ಚೆಲ್ಲಿ ಒಳಗೆ ಹೋದೆ. ಹಾಲು ಉಕ್ಕಿಸ್ಲಿಕ್ಕೆ ಪಾತ್ರೆ ಹುಡುಕುವಾಗ ಅಡುಗೆಮನೆ ಕಪಾಟಿನಲ್ಲಿ ಈ ಡಬ್ಬಿ ಕಂಡಿತು. ಮೈ ಜುಮ್ ಅಂತು. ಗೋಮಾತೆ ಕಾಲಿಡುವ ಮನೆಯಲ್ಲಿ ವಿಷ ಇರ್ಬಾರ್ದಲ್ವಾ? ಕೈ ತೊಳೀಲಿಕ್ಕೂ ನಿಲ್ಲದೆ ತಗೊಂಡು ಹೋಗಿ ಹಸನಬ್ಬನ ಕೈಯಲ್ಲಿ ಕೊಟ್ಟೆ. ದೂರ ಎಲ್ಲಿಯಾದ್ರೂ ಬಿಸಾಡು ಅಂದೆ. ಆಯ್ತಕ್ಕ ಅಂದ. ಅಷ್ಟೇ ಡಾಕ್ಟ್ರಮ್ಮ, ದೇವರಾಣೆ.”

“ಡಬ್ಬಿ ತುಂಬಿತ್ತಾ?”

“ಇಲ್ಲ. ಅರ್ಧ ಖಾಲಿ ಇತ್ತು.”

“ಹೊಸ ಮನೆಯಲ್ಲಿ ಅರ್ಧ ಡಬ್ಬಿ ಪಾಷಾಣ ಯಾವ ಇಲಿ ತಿಂತು? ತಂದಿಟ್ಟವರು ಯಾರು?”

“ನನಗೆ ಗೊತ್ತಿಲ್ಲ. ಇಲಿ ಒಂದೂ ಕಾಣ್ಲಿಲ್ಲ.”

ಅರುಂಧತಿ ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡಳು. ಈಗ ಅದಕ್ಕೆ ಹೊತ್ತಿರಲಿಲ್ಲ.

“ಇಷ್ಟು ಗೊತ್ತಿದ್ದೂ ಬೆಳಗ್ಗೆಯಿಂದ ಕಾರಲ್ಲಿ ಕೂತು ಅಳ್ತಿದ್ದೀರಲ್ಲ ಪೂವಕ್ಕ. ಹಸುವಿಗೋ, ಅವನಿಗೋ?”

ಪೂವಕ್ಕನ ಬದಲು ತಾರಾನಾಥ ಬಾಯಿ ಹಾಕಿದ. ಈಗ ಅವನ ಸ್ವರದಲ್ಲಿ ಗದ್ದಲವಿರಲಿಲ್ಲ.

“ನಾನೇ ಬೇಡ ಅಂದದ್ದು. ಸ್ವಲ್ಪ ಕೇಳಿ ಡಾಕ್ಟ್ರೆ. ಇವಳು ಹೋಗಿ ಹೇಳಿದ್ರೆ ಪೊಲೀಸರು ಎಂತ ಕೇಳ್ತಾರೆ? ಯಾವ ಮನೆ, ಎಂತ ಪೂಜೆ, ಅಷ್ಟು ಜನ ಯಾಕೆ ಸೇರಿದ್ದು? ಇಲ್ಲಿ ನಾವು ಬಾಗಿಲು ಹಾಕಿಕೊಂಡು, ತಾಳ ಮೆಲ್ಲ ಬಡಿದು ಭಜನೆ ಮಾಡುವವರು. ನಾಳೆಯಿಂದ ಅದೂ ಖಲಾಸ್. ಅವ ಒಬ್ಬ ಹೋದ್ರೆ ನಾವೆಲ್ಲ ಉಳೀತೇವೆ. ಊರಲ್ಲಿ ಅವನಿಗೆ ಏನಾದ್ರೂ ವ್ಯವಸ್ಥೆ ಮಾಡುವ.”

ಅವನ ಹೆದರಿಕೆ ಸುಳ್ಳಲ್ಲ. ಅರುಂಧತಿಯ ಮನೆಯಲ್ಲೂ ಘಂಟೆಗೆ ಬಟ್ಟೆ ಸುತ್ತಿಯೇ ಮಂಗಳಾರತಿ. ಅದಕ್ಕೇ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

“ಒಬ್ಬ ನಿರಪರಾಧಿಯನ್ನ ಹೂತು ಅದರ ಮೇಲೆ ದೀಪ ಹಚ್ತೀರಾ? ಆ ದೀಪ ಯಾವ ದೇವರಿಗೆ ಬೇಕು ತಾರಾನಾಥ್ ಅವ್ರೆ? ಹಸು ಸತ್ತಿದ್ದು ನಿಮ್ಮ ಅಜ್ಞಾನದಿಂದ. ಹಸನಬ್ಬ ಜೈಲಲ್ಲಿ ಸತ್ರೆ ಅದು ನೀವು ಗೊತ್ತಿದ್ದೂ ಮಾಡಿದ ಕೊಲೆ. ಗೋಹತ್ಯೆಗೆ ಪ್ರಾಯಶ್ಚಿತ್ತ ಇದೆ, ಇದಕ್ಕಿಲ್ಲ.”

ತಾರಾನಾಥ ಬಾಯಿ ತೆರೆದ, ಆದರೆ ಮೊದಲು ಮಾತಾಡಿದವಳು ಪೂವಕ್ಕ.

“ನಾನು ಬರ್ತೇನೆ ಡಾಕ್ಟ್ರಮ್ಮ. ಠಾಣೆಗೆ ಹೋಗುವ.”

“ಪೂವಾ!”

“ನನ್ನ ಕೈಯಿಂದ ಉಂಡವ ಅವ,” ಎಂದಳು ಪೂವಕ್ಕ ಗಂಡನಿಗೆ, ಮೊದಲ ಸಲ ಅವನ ಮುಖ ನೋಡಿ. “ನೀವು ಬೇಕಾದ್ರೆ ಬನ್ನಿ, ಇಲ್ಲದಿದ್ರೆ ರೇಷ್ಮೆ ಹೊದಿಸಿ ಕೂತುಕೊಳ್ಳಿ.”

ಅರುಂಧತಿ ತಟ್ಟೆಯಲ್ಲಿದ್ದುದನ್ನು ಗಾಜಿನ ಜಾಡಿಗೆ ಹಾಕಿ ಮುಚ್ಚಳ ಬಿಗಿದಳು. ತೋಟದ ಮನೆಯೊಳಗೆ ಹೋಗಿ ಮುದುಕನಿಗೆ ಎಲ್ಲವನ್ನೂ ವಿವರಿಸಿದಳು. ಅವನು ಜಾಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹಸುವನ್ನು ದೇವರೆನ್ನುವವರೇ ಹೀಗೆ ಮಾಡಿದರೇ ಎಂದು ಒಮ್ಮೆ ಕೇಳಿದ. ಅವಳು ಹೌದೆಂದು ತಲೆ ತಗ್ಗಿಸಿದಳು. ಪೊಲೀಸರಿಗೂ ಇದು ಸರಿಯೆನಿಸಿದರೆ ನನ್ನ ದೂರಿಲ್ಲ, ಯಲ್ಲಾ ಹೊರಡು, ಎಂದು ಅವನು ಕೈಬೀಸಿದ.

ತಾರಾನಾಥನೇ ಕಾರು ಓಡಿಸಿದ. ಠಾಣೆಯ ಮುಂದೆ ಕಾರು ನಿಲ್ಲಿಸಿ, ತಾನು ಒಳಗೆ ಬರುವುದಿಲ್ಲವೆಂದು ಸ್ಟೀರಿಂಗ್ ಹಿಡಿದೇ ಕೂತ.

ಬೆಳಗಿನ ಆಫೀಸರೇ ಮೇಜಿನ ಹಿಂದಿದ್ದ. ಅರುಂಧತಿ ಜಾಡಿಯನ್ನು ಮೇಜಿನ ಮೇಲಿಟ್ಟು ಹಸುವಿನ ಹೊಟ್ಟೆಯ ಕಥೆ ಶುರುಮಾಡಿದಳು. ಆಫೀಸರ್ ಪೂರ್ತಿ ಕೇಳಿದ. ಆಮೇಲೆ ಜಾಡಿಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ.

“ಡಾಕ್ಟರ್, ನೀವು ತಡವಾಗಿ ಬಂದಿರಿ. ಅವನು ಒಪ್ಪಿಕೊಂಡಿದ್ದಾನೆ.”

“ಏನಂತ?”

“ವಿಷ ಕೊಟ್ಟದ್ದು ತಾನೇ ಎಂದು. ಹೇಳಿಕೆಗೆ ಸಹಿಯೂ ಆಗಿದೆ.”

“ಹೊಡೆದ್ರಾ?”

ಆಫೀಸರನ ಮುಖ ಗಡುಸಾಯಿತು. “ಯಾರೂ ಮುಟ್ಟಿಲ್ಲ. ಮಧ್ಯಾಹ್ನ ನಿಮ್ಮ ಭಾಷೆಯವರೊಬ್ಬರು ಅವನಿಗೆ ಊಟ ತಂದಿದ್ದರು. ಸ್ವಲ್ಪ ಹೊತ್ತು ಮಾತಾಡಿ ಹೋದರು. ಅವರು ಹೋದ ಮೇಲೆ ಇವನು ಊಟ ಮುಟ್ಟಲಿಲ್ಲ. ತಾನೇ ನನ್ನನ್ನು ಕರೆಸಿ ಹೇಳಿದ.”

ಅರುಂಧತಿಗೆ ಮೊದಲು ಹೊಳೆದದ್ದು ತಾರಾನಾಥನ ಹೆಸರು. ಆದರೆ ತಾರಾನಾಥ ಮಧ್ಯಾಹ್ನವಿಡೀ ತೋಟದಲ್ಲಿ ಅವಳ ಕಣ್ಣೆದುರೇ ಇದ್ದ. ಹಾಗಾದರೆ ಬಂದವರು ಯಾರು? ಊರಲ್ಲಿ ತಾಯಿಗೆ ಕಷ್ಟವಾಗುತ್ತದೆಂದು ಗೊತ್ತಿದ್ದೂ ಮಗ ಇಂಥ ಮಾತು ಒಪ್ಪುತ್ತಾನೆಂದರೆ, ಅದಕ್ಕಿಂತ ದೊಡ್ಡ ಹೆದರಿಕೆಯನ್ನು ಯಾರೋ ಅವನೆದುರು ಇಟ್ಟುಹೋಗಿದ್ದಾರೆ.

“ಅವನನ್ನ ಕರೆಸಿ. ಇವರು ಸಾಕ್ಷಿ. ಡಬ್ಬಿ ಕೊಟ್ಟದ್ದು ಇವರೇ.”

ಹಸನಬ್ಬನನ್ನು ಕರೆತಂದರು. ಒಂದೇ ದಿನಕ್ಕೆ ಅವನ ಭುಜ ಇಳಿದುಹೋಗಿತ್ತು. ಪೂವಕ್ಕ ಅವನನ್ನು ಕಂಡವಳೇ ಎದ್ದು ನಿಂತಳು.

“ಹಸನಬ್ಬ, ನಾನು ಎಲ್ಲ ಹೇಳ್ತೇನೆ. ನಾನೇ ಕೊಟ್ಟದ್ದು ಅಂತ ಹೇಳ್ತೇನೆ. ನೀನು ಹೆದರ್ಬೇಡ.”

ಹಸನಬ್ಬ ಅವಳತ್ತ ತಿರುಗಲೇ ಇಲ್ಲ. ಆಫೀಸರನ ಮುಖ ನೋಡುತ್ತ, ಡ್ರೈವರಿಕೆಯಲ್ಲಿ ಕಲಿತ ಅರಬ್ಬಿಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದ.

“ಈ ಹೆಂಗಸು ಯಾರು, ನನಗೆ ಗೊತ್ತಿಲ್ಲ. ಇವರನ್ನು ನಾನು ನೋಡಿಯೇ ಇಲ್ಲ. ಡಬ್ಬಿ ನನ್ನದು. ವಿಷ ಕೊಟ್ಟದ್ದು ನಾನು.”

ಪೂವಕ್ಕನಿಗೆ ಅರಬ್ಬಿ ಬಾರದು. ಆದರೂ ಅವನು ಹೇಳಿದ್ದೇನೆಂದು ಅವನ ಮುಖದಿಂದಲೇ ತಿಳಿದು ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅರುಂಧತಿಗೆ ಬೆಳಗಿನಿಂದ ಕಾದಿಟ್ಟ ಸಿಟ್ಟನ್ನು ಈಗ ಯಾರ ಮೇಲೆ ಬಿಡಬೇಕೆಂದೇ ತೋಚಲಿಲ್ಲ.

“ಯಾಕೋ ಹಸನಬ್ಬ? ನಿನ್ನನ್ನ ಬಿಡಿಸೋಕೆ ಬಂದಿದ್ದೀವಿ ನಾವು. ಯಾರು ಬಂದಿದ್ರು ಮಧ್ಯಾಹ್ನ?”

ಪೊಲೀಸ್ ಅವನ ರಟ್ಟೆ ಹಿಡಿದು ಬಾಗಿಲ ಕಡೆ ತಿರುಗಿಸಿದ. ಅರುಂಧತಿಯನ್ನು ದಾಟುವಾಗ ಹಸನಬ್ಬ ಅರೆಕ್ಷಣ ನಿಂತ. ಮೇಜಿನವರೆಗೂ ಕೇಳಿಸದಂಥ ಸಣ್ಣ ದನಿಯಲ್ಲಿ, ಊರಿನ ಕನ್ನಡದಲ್ಲಿ ಹೇಳಿದ.

“ಡಾಕ್ಟ್ರಮ್ಮ, ನಿಮ್ಮ ಕಾಲಿಗೆ ಬೀಳ್ತೇನೆ. ಪೂವಕ್ಕನನ್ನು ಇವತ್ತು ಆ ಮನೆಗೆ ಮಾತ್ರ ವಾಪಸ್ ಕಳಿಸ್ಬೇಡಿ.”

ಆ ಅರ್ಧ ಡಬ್ಬಿ ಪಾಷಾಣ ಇಲಿಗೆಂದು ಖರ್ಚಾದದ್ದಲ್ಲ ಎಂಬುದು ಅರುಂಧತಿಗೆ ಆಗ ಹೊಳೆಯಿತು.